ಆಧುನಿಕ ಕಾವ್ಯ ಮತ್ತು ಕಿರುಚಿತ್ರದಲ್ಲಿ ಅಹಲ್ಯೆ

ಅಹಲ್ಯೆ ರಾಮಾಯಣದಲ್ಲಿ ಬರುವ ಗೌತಮ ಮಹರ್ಷಿಯ ಪತ್ನಿ. ಪಂಚಕನ್ಯೆಯರಲ್ಲಿ ಮೊದಲು ಸ್ಮರಿಸಲ್ಪಡುವವಳು. ಗೌತಮನ ವೇಷದಲ್ಲಿ ಬಂದ ಇಂದ್ರನ ದೆಸೆಯಿಂದ ಶಾಪಗ್ರಸ್ತಳಾಗಿ, ರಾಮನಿಂದ ವಿಮೋಚನೆ ಪಡೆದ ಈಕೆಯ ಕಥೆಯನ್ನು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಕುವೆಂಪು ಮತ್ತು ಪು.ತಿ. ನರಸಿಂಹಾಚಾರ್ ಕನ್ನಡದಲ್ಲಿ ಹೊಸದಾಗಿ ಕಂಡರು. ೨೦೧೫ರಲ್ಲಿ ಬಂಗಾಳಿ ಕಿರುಚಿತ್ರವೊಂದು ಅದನ್ನು ಇಂದಿನ ಕಾಲಕ್ಕೆ ತಂದಿತು. ಈ ಮರುಕಲ್ಪನೆಗಳಲ್ಲಿ ಮುಖ್ಯವಾಗಿ ಬದಲಾಗುವುದು ಶಾಪದ ಅರ್ಥ.

ಮೂಲಕಥೆ

ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಅಹಲ್ಯೆ ಕಲ್ಲಾಗುವುದಿಲ್ಲ. ಗಾಳಿಯನ್ನೇ ಆಹಾರವಾಗಿಸಿಕೊಂಡು, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದೆ ಆಶ್ರಮದಲ್ಲಿರಬೇಕೆಂಬುದು ಅವಳಿಗೊದಗಿದ ಶಾಪ. ಬಂದವನು ಇಂದ್ರನೆಂದು ಅವಳಿಗೆ ತಿಳಿದಿತ್ತೆಂದು ಬಾಲಕಾಂಡ ಹೇಳಿದರೆ, ತಾನು ಅರಿಯದೆ ಮೋಸಹೋದೆನೆಂದು ಅವಳೇ ಉತ್ತರಕಾಂಡದಲ್ಲಿ ಹೇಳುತ್ತಾಳೆ. ಅವಳು ಶಿಲೆಯಾದಳೆಂಬ ಕಥೆ ಅನಂತರದ ಪರಂಪರೆಯಲ್ಲಿ ಪ್ರಸಿದ್ಧವಾಯಿತು. ಹೀಗೆ ಅವಳ ಅರಿವು ಮತ್ತು ಇಚ್ಛೆಯ ಪ್ರಶ್ನೆ ಮೂಲದಲ್ಲಿಯೇ ಇತ್ಯರ್ಥವಾಗದೆ ಉಳಿದಿದೆ. ಕವಿಗಳಿಗೆ ಅವಕಾಶ ದೊರೆತದ್ದು ಇಲ್ಲಿಯೇ.

ಕನ್ನಡ ಕಾವ್ಯದಲ್ಲಿ

ಪು.ತಿ.ನ. ಅವರ 'ಅಹಲ್ಯೆ' ಒಂದು ಗೀತನಾಟಕ. ಇಲ್ಲಿ ಕಾಮ ಮತ್ತು ಧರ್ಮಗಳ ಸಂಘರ್ಷವೇ ವಸ್ತು. ಕಾಮವನ್ನು ಕೇವಲ ಪಾಪವೆಂದು ತಳ್ಳಿಹಾಕದೆ, ಮನುಷ್ಯಸಹಜವಾದ ಪ್ರಬಲ ಶಕ್ತಿಯೆಂದು ಕವಿ ಗ್ರಹಿಸಿರುವುದರಿಂದ, ಅಹಲ್ಯೆ ತೀರ್ಪಿಗೊಳಗಾಗುವ ಅಪರಾಧಿಯಾಗದೆ ಸಹಾನುಭೂತಿಗೆ ಪಾತ್ರಳಾಗುತ್ತಾಳೆ.

ಕುವೆಂಪು ಅವರು ೧೯೩೬ರಲ್ಲಿ ಆರಂಭಿಸಿ ೧೯೪೬ರಲ್ಲಿ ಮುಗಿಸಿದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದ ಅಯೋಧ್ಯಾ ಸಂಪುಟದಲ್ಲಿ ಈ ಪ್ರಸಂಗ ಬರುತ್ತದೆ. ಆ ಸಂಚಿಕೆಯ ಹೆಸರು 'ಶಿಲಾ ತಪಸ್ವಿನಿ'. ಶಿಲೆಯ ಕಲ್ಪನೆಯನ್ನು ಕವಿ ಉಳಿಸಿಕೊಂಡಿದ್ದಾರೆ. ಆದರೆ ಅದನ್ನು ತಪಸ್ಸೆಂದು ಕರೆದೊಡನೆ ಶಿಕ್ಷೆ ಸಾಧನೆಯಾಗುತ್ತದೆ. ರಾಮನ ಸಾನ್ನಿಧ್ಯದಲ್ಲಿ ಜಡವು ಚೇತನಗೊಳ್ಳುವುದು ಒಬ್ಬ ಪತಿತೆಯ ಉದ್ಧಾರಕ್ಕಿಂತ ಹೆಚ್ಚಾಗಿ ಎಲ್ಲ ಜಡದಲ್ಲಿಯೂ ಚೈತನ್ಯವಿದೆಯೆಂಬ ಕವಿಯ ದರ್ಶನಕ್ಕೆ ಒಪ್ಪುವ ಘಟನೆ.

ಕಿರುಚಿತ್ರದಲ್ಲಿ

ಸುಜಯ್ ಘೋಷ್ ನಿರ್ದೇಶನದ 'ಅಹಲ್ಯಾ' (೨೦೧೫) ಸುಮಾರು ೧೪ ನಿಮಿಷಗಳ ಬಂಗಾಳಿ ಚಿತ್ರ. ಇದು ಚಿತ್ರಮಂದಿರಕ್ಕೆ ಬದಲಾಗಿ ಯೂಟ್ಯೂಬ್‌ನಲ್ಲಿ ಬಿಡುಗಡೆಯಾಯಿತು. ವೃದ್ಧ ಕಲಾವಿದ ಗೌತಮ ಸಾಧುವಾಗಿ ಸೌಮಿತ್ರ ಚಟರ್ಜಿ, ಅವನ ತರುಣ ಪತ್ನಿ ಅಹಲ್ಯೆಯಾಗಿ ರಾಧಿಕಾ ಆಪ್ಟೆ, ಪೊಲೀಸ್ ಅಧಿಕಾರಿ ಇಂದ್ರ ಸೇನ್ ಆಗಿ ತೋತಾ ರಾಯ್ ಚೌಧುರಿ ನಟಿಸಿದ್ದಾರೆ. ಕಾಣೆಯಾದ ಯುವಕನೊಬ್ಬನನ್ನು ಹುಡುಕುತ್ತ ಬಂದ ಅಧಿಕಾರಿ, ಮಾಯಾಶಿಲೆಯೊಂದರ ಪ್ರಭಾವದಿಂದ ಗೌತಮನ ರೂಪದಲ್ಲಿ ಅಹಲ್ಯೆಯ ಬಳಿಗೆ ಹೋಗುತ್ತಾನೆ; ಕೊನೆಗೆ ಆ ಮನೆಯ ಗೊಂಬೆಗಳ ಸಾಲಿನಲ್ಲಿ ತಾನೂ ಒಂದು ಗೊಂಬೆಯಾಗಿ ನಿಲ್ಲುತ್ತಾನೆ. ಜಡತ್ವದ ಶಿಕ್ಷೆ ಇಲ್ಲಿ ಹೆಣ್ಣಿಗಲ್ಲ, ಆಸೆಗಣ್ಣಿನಿಂದ ನೋಡಿದ ಗಂಡಸಿಗೆ.

ಆದರೂ ಇದನ್ನು ಅಹಲ್ಯೆಯ ಗೆಲುವೆಂದು ಸುಲಭವಾಗಿ ಹೇಳಲಾಗದು. ಶಿಲೆಯನ್ನು ಅಧಿಕಾರಿಯ ಕೈಗಿಡುವವನು ಗೌತಮ. ಅವಳು ಅವನ ಯೋಜನೆಯಲ್ಲಿ ಸಹಭಾಗಿನಿಯೋ ಸಾಧನವೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ಎರಡು ಕಾಂಡಗಳ ನಡುವೆ ವಾಲ್ಮೀಕಿ ರಾಮಾಯಣ ಉಳಿಸಿದ ಪ್ರಶ್ನೆ ಇಲ್ಲಿಯೂ ಹಾಗೆಯೇ ಉಳಿಯುತ್ತದೆ.