ಬ್ರಿಟನ್ನಿನ ರಾಜಕಾರಣದಲ್ಲಿ ಸಣ್ಣ ಪಕ್ಷಗಳ ಪ್ರಭಾವ

ಬ್ರಿಟನ್ನಿನ ರಾಜಕಾರಣವೆಂದರೆ ಎರಡು ಮಹಾಪಕ್ಷಗಳ ಸ್ಪರ್ಧೆ ಎಂಬುದು ರೂಢಿಯಿಂದ ಬಂದ ತಿಳಿವಳಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಪಕ್ಷಗಳೂ, 1920ರ ದಶಕದಿಂದೀಚೆಗೆ ಕನ್ಸರ್ವೇಟಿವ್ ಮತ್ತು ಲೇಬರ್ ಪಕ್ಷಗಳೂ ಅಧಿಕಾರಸೂತ್ರವನ್ನು ಹಿಡಿದುದನ್ನು ನೋಡಿದರೆ ಈ ಮಾತು ದಿಟವೆಂದೇ ತೋರುತ್ತದೆ. ಆದರೆ ಆ ದೇಶದ ಇತಿಹಾಸದ ದೊಡ್ಡ ತಿರುವುಗಳನ್ನು ಪರಿಶೀಲಿಸಿದಲ್ಲಿ, ಅವುಗಳಲ್ಲಿ ಹಲವಕ್ಕೆ ಸಣ್ಣ ಪಕ್ಷಗಳೇ ಕಾರಣವಾಗಿರುವುದು ಗೋಚರಿಸುತ್ತದೆ.

ಮೊದಲು ಅಲ್ಲಿನ ಚುನಾವಣಾ ಪದ್ಧತಿಯನ್ನು ತಿಳಿಯಬೇಕು. ಕಾಮನ್ಸ್ ಸಭೆಗೆ 650 ಕ್ಷೇತ್ರಗಳು. ಪ್ರತಿ ಕ್ಷೇತ್ರದಲ್ಲಿಯೂ ಉಳಿದವರಿಗಿಂತ ಹೆಚ್ಚು ಮತ ಪಡೆದವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ನಮ್ಮ ಲೋಕಸಭೆಯ ಚುನಾವಣೆಗೂ ಇದೇ ಪದ್ಧತಿ. ಇದರಲ್ಲಿ ದೇಶದ ತುಂಬ ಚದುರಿದ ಬೆಂಬಲವು ನಿಷ್ಫಲವಾಗಿ, ಒಂದೆಡೆ ನೆಲೆಗೊಂಡ ಬೆಂಬಲವು ಸಫಲವಾಗುತ್ತದೆ. 1983ರಲ್ಲಿ ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಗಳ ಮೈತ್ರಿಕೂಟಕ್ಕೆ ಶೇಕಡಾ 25.4ರಷ್ಟು ಮತಗಳು ದೊರೆತರೂ ಲಭಿಸಿದ ಸ್ಥಾನಗಳು 23 ಮಾತ್ರ, ಶೇಕಡಾ 27.6ರಷ್ಟು ಮತ ಪಡೆದ ಲೇಬರ್ ಪಕ್ಷಕ್ಕಾದರೋ 209 ಸ್ಥಾನಗಳು ಬಂದವು. 2015ರಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷವು ಸ್ಕಾಟ್ಲೆಂಡಿನ ಸುಮಾರು ಅರ್ಧದಷ್ಟು ಮತಗಳಿಂದ ಅಲ್ಲಿನ 59 ಸ್ಥಾನಗಳಲ್ಲಿ 56ನ್ನು ಗಳಿಸಿತು.

ಹೀಗಿರುವಲ್ಲಿ ಸಣ್ಣ ಪಕ್ಷಗಳು ಪ್ರಭಾವ ಬೀರುವ ಬಗೆ ಹೇಗೆ? ಇದಕ್ಕೆ ಮೂರು ಮಾರ್ಗಗಳನ್ನು ಗುರುತಿಸಬಹುದು.

ಒಂದನೆಯದು ಬಲಾಬಲದ ಸಮತೋಲ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿರುವಾಗ ಒಂದು ಗುಲಗಂಜಿಯೂ ಮುಳ್ಳನ್ನು ವಾಲಿಸಬಲ್ಲದು. 1885ರ ಚುನಾವಣೆಯಲ್ಲಿ ಪಾರ್ನೆಲ್ಲನ ನೇತೃತ್ವದ ಐರಿಷ್ ಪಕ್ಷವು 86 ಸ್ಥಾನಗಳನ್ನು ಪಡೆದು ಇಂಥ ಸ್ಥಿತಿಯನ್ನು ತಂದಿತು. ಮರುವರ್ಷ ಗ್ಲಾಡ್‌ಸ್ಟನ್ ಐರ್ಲೆಂಡಿನ ಸ್ವಯಮಾಡಳಿತದ ಮಸೂದೆಯನ್ನು ಮಂಡಿಸಿದನು. ಮಸೂದೆಯು 30 ಮತಗಳ ಅಂತರದಿಂದ ಸೋತಿತು. ಆದರೆ ಲಿಬರಲ್ ಪಕ್ಷವೇ ಇಬ್ಭಾಗವಾಯಿತು. 2017ರಲ್ಲಿ ಬಹುಮತ ಕಳೆದುಕೊಂಡ ಥೆರೇಸಾ ಮೇ ಅವರ ಸರ್ಕಾರವು ಉತ್ತರ ಐರ್ಲೆಂಡಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷದ ಕೇವಲ 10 ಸದಸ್ಯರ ಆಸರೆಯಿಂದ ನಿಂತಿತು. ಪ್ರತಿಯಾಗಿ ಆ ಪ್ರಾಂತಕ್ಕೆ ನೂರು ಕೋಟಿ ಪೌಂಡುಗಳ ಹೆಚ್ಚುವರಿ ನೆರವು ಘೋಷಿತವಾಯಿತು.

ಎರಡನೆಯದು ಅಧಿಕಾರದಲ್ಲಿ ಸಹಭಾಗಿತ್ವ. 2010ರಲ್ಲಿ 57 ಸ್ಥಾನಗಳನ್ನು ಪಡೆದ ಲಿಬರಲ್ ಡೆಮಾಕ್ರಟರು ಕನ್ಸರ್ವೇಟಿವರೊಡನೆ ಸಂಮಿಶ್ರ ಸರ್ಕಾರ ರಚಿಸಿ, ಮತದಾನ ಪದ್ಧತಿಯ ಬದಲಾವಣೆಗಾಗಿ ಜನಮತಗಣನೆಯನ್ನು ದೊರಕಿಸಿಕೊಂಡರು. 2011ರಲ್ಲಿ ಜನರು ಆ ಬದಲಾವಣೆಯನ್ನು ತಿರಸ್ಕರಿಸಿದರು. ವಿಶ್ವವಿದ್ಯಾಲಯದ ಶುಲ್ಕವನ್ನು ಏರಿಸಗೊಡೆವೆಂದು ವಚನವಿತ್ತಿದ್ದ ಪಕ್ಷವೇ ಏರಿಕೆಗೆ ಪಾಲುಗಾರನಾದುದು ವಿಶೇಷವಾಗಿ ಯುವಜನರ ಅಸಮಾಧಾನಕ್ಕೆ ಎಡೆಗೊಟ್ಟಿತು. 2015ರಲ್ಲಿ ಉಳಿದ ಸ್ಥಾನಗಳು 8.

ಮೂರನೆಯದು ಸ್ಥಾನಗಳಿಲ್ಲದೆಯೂ ಭೀತಿಯನ್ನು ಹುಟ್ಟಿಸುವುದು. ಐರೋಪ್ಯ ಒಕ್ಕೂಟವನ್ನು ತೊರೆಯಬೇಕೆಂದು ಪ್ರತಿಪಾದಿಸಿದ ಯು.ಕೆ. ಇಂಡಿಪೆಂಡೆನ್ಸ್ ಪಕ್ಷವು ತನ್ನ ಮತದಾರರನ್ನು ಸೆಳೆಯುವುದೆಂಬ ಅಳುಕು ಕನ್ಸರ್ವೇಟಿವ್ ಪಕ್ಷದಲ್ಲಿ ಬಲಿಯಿತು. ಸ್ವಪಕ್ಷದೊಳಗಿನ ಒತ್ತಡವೂ ಅದರೊಡನೆ ಕೂಡಿ, 2013ರಲ್ಲಿ ಪ್ರಧಾನಿ ಕ್ಯಾಮರೂನ್ ಜನಮತಗಣನೆಯ ಭರವಸೆಯಿತ್ತರು. 2015ರಲ್ಲಿ ಆ ಸಣ್ಣ ಪಕ್ಷಕ್ಕೆ 38 ಲಕ್ಷಕ್ಕೂ ಮಿಕ್ಕಿ ಮತಗಳು ಬಂದರೂ ದೊರೆತುದು ಒಂದೇ ಸ್ಥಾನ. ಆದರೆ 2016ರ ಜೂನ್ 23ರಂದು ಶೇಕಡಾ 51.9ರಷ್ಟು ಮತದಾರರು ಒಕ್ಕೂಟವನ್ನು ತೊರೆಯುವ ಪರವಾಗಿ ಮತವಿತ್ತರು. ಒಂದು ಸ್ಥಾನದ ಪಕ್ಷವು ನಾಡಿನ ದಿಕ್ಕನ್ನೇ ಬದಲಿಸಲು ಹೀಗೆ ಕಾರಣವಾಯಿತು.

ಪ್ರಭಾವಕ್ಕೆ ಬೆಲೆಯೂ ಉಂಟು. 1979ರ ಮಾರ್ಚ್ 28ರಂದು ಕ್ಯಾಲಹನ್ ಅವರ ಲೇಬರ್ ಸರ್ಕಾರವು 311ಕ್ಕೆ 310ರಂತೆ ಒಂದೇ ಮತದಿಂದ ಉರುಳಿತು. ಅದನ್ನು ಉರುಳಿಸಲು ಕೈಜೋಡಿಸಿದ ಸ್ಕಾಟಿಷ್ ನ್ಯಾಷನಲ್ ಪಕ್ಷದ 11 ಸ್ಥಾನಗಳು ಮುಂದಿನ ಚುನಾವಣೆಯಲ್ಲಿ 2ಕ್ಕೆ ಇಳಿದವು. ಇದಕ್ಕೆ ಪ್ರತಿಯಾದ ನಿದರ್ಶನ ಲೇಬರ್ ಪಕ್ಷದ್ದು. ಕಾರ್ಮಿಕರ ಪ್ರಾತಿನಿಧ್ಯಕ್ಕಾಗಿ 1900ರಲ್ಲಿ ಸ್ಥಾಪಿತವಾದ ಸಮಿತಿಯು ಆ ವರ್ಷ ಗೆದ್ದುದು 2 ಸ್ಥಾನಗಳನ್ನು. 1924ರಲ್ಲಿ ಅದೇ ಪಕ್ಷದ ರಾಮ್ಸೆ ಮ್ಯಾಕ್‌ಡೊನಾಲ್ಡ್ ಪ್ರಧಾನಿಯಾದರು.

2024ರ ಚುನಾವಣೆಯೂ ಹಳೆಯ ಪ್ರಶ್ನೆಯನ್ನೇ ಮುಂದಿಟ್ಟಿತು. ರಿಫಾರ್ಮ್ ಯು.ಕೆ. ಪಕ್ಷಕ್ಕೆ ಶೇಕಡಾ 14ಕ್ಕೂ ಹೆಚ್ಚು ಮತಗಳು, 5 ಸ್ಥಾನಗಳು. ಅದಕ್ಕಿಂತ ಕಡಿಮೆ ಮತ ಪಡೆದ ಲಿಬರಲ್ ಡೆಮಾಕ್ರಟರಿಗೆ 72 ಸ್ಥಾನಗಳು. ಮತವಿತ್ತವನ ದನಿಯು ಸಭೆಯನ್ನು ಮುಟ್ಟದಿದ್ದಲ್ಲಿ ಪ್ರಜಾಪ್ರಭುತ್ವವು ಪೂರ್ಣವಾಯಿತೆನ್ನಬಹುದೆ? ಹತ್ತು ಸದಸ್ಯರ ಕೈಯಲ್ಲಿ ಸರ್ಕಾರದ ಅಳಿವುಉಳಿವು ನಿಂತಲ್ಲಿ ಬಹುಜನರ ಇಚ್ಛೆ ನಡೆಯಿತೆನ್ನಬಹುದೆ? ಈ ಎರಡು ಅತಿಗಳ ನಡುವಣ ಹದವನ್ನು ಬ್ರಿಟನ್ ಇನ್ನೂ ಅರಸುತ್ತಿದೆ. ಸಂಖ್ಯೆಯು ಅಧಿಕಾರವನ್ನು ಕೊಡುತ್ತದೆ; ಆದರೆ ಸಂಖ್ಯೆಯಿಲ್ಲದವನು ಎತ್ತಿದ ವಿಷಯವು ಜನರ ಮನಸ್ಸನ್ನು ಹೊಕ್ಕರೆ ಅಧಿಕಾರಸ್ಥನೂ ಅದಕ್ಕೆ ಕಿವಿಗೊಡಲೇಬೇಕಾಗುತ್ತದೆ ಎಂಬುದೇ ಈ ಇತಿಹಾಸವು ಕಲಿಸುವ ಪಾಠ.