ದತ್ತಾಂಶ ಕಡತಗಳಲ್ಲಿ ತ್ಯಾಜ್ಯ ಪಂಕ್ತಿಗಳ ವಿಚಾರ

ಗಣಕಯಂತ್ರದ ನೆರವಿನಿಂದ ಶಬ್ದಸೂಚಿ, ಪದ್ಯಾನುಕ್ರಮಣಿಕೆ, ಶಾಸನಪಟ್ಟಿ ಮುಂತಾದುವನ್ನು ಸಿದ್ಧಪಡಿಸುವವರಿಗೆ ವಿಭಾಜಕಚಿಹ್ನೆಯುಳ್ಳ ಕಡತಗಳ ಪರಿಚಯವು ಆವಶ್ಯಕವಾದುದು. ಇಂತಹ ಕಡತದಲ್ಲಿ ಸಾಮಾನ್ಯವಾಗಿ ಒಂದೊಂದು ಪಂಕ್ತಿಯೂ ಒಂದೊಂದು ದಾಖಲೆ. ಅದರೊಳಗಣ ಅಂಕಣಗಳನ್ನು ಅಲ್ಪವಿರಾಮ, ಅರ್ಧವಿರಾಮ ಮೊದಲಾದ ಚಿಹ್ನೆಗಳು ಬೇರ್ಪಡಿಸುತ್ತವೆ. ಆದರೆ ದಾಖಲೆಗಳೊಡನೆ ಪೀಠಿಕೆ, ಟಿಪ್ಪಣಿ, ಬರಿದಾದ ಪಂಕ್ತಿ ಇವೂ ಬೆರೆತಿರುವುದುಂಟು. ಕಡತವನ್ನು ಓದುವ ಪ್ರೋಗ್ರಾಮು ಇವನ್ನು ಬಿಟ್ಟು ಮುಂದುವರಿಯಬೇಕು. ಬಿಡತಕ್ಕುದಾವುದು ಎಂಬುದನ್ನು ನಿರ್ಣಯಿಸುವ ಬಗೆಯೇ ಇಲ್ಲಿ ವಿಚಾರಣೀಯವಾದುದು.

ಯೂನಿಕೋಡ್ ಸಂಸ್ಥೆಯು ಪ್ರಕಟಿಸುವ ‘ಸ್ಕ್ರಿಪ್ಟ್ಸ್’ ಎಂಬ ಕಡತವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಯಾವ ಸಂಕೇತವು ಯಾವ ಲಿಪಿಗೆ ಸೇರಿದುದೆಂಬುದನ್ನು ಅದು ತಿಳಿಸುತ್ತದೆ. ಕನ್ನಡಕ್ಕೂ ಅದರಲ್ಲೊಂದು ಭಾಗವುಂಟು. ದಾಖಲೆಯಲ್ಲಿ ಮೊದಲು ಸಂಕೇತಸಂಖ್ಯೆ ಅಥವಾ ಸಂಖ್ಯೆಗಳ ವ್ಯಾಪ್ತಿ, ಬಳಿಕ ಅರ್ಧವಿರಾಮ, ಅನಂತರ ಲಿಪಿಯ ಹೆಸರು ಬರುತ್ತವೆ. ‘#’ ಎಂಬ ಹ್ಯಾಷ್ ಚಿಹ್ನೆಯಿಂದ ಪಂಕ್ತಿಯ ಕೊನೆಯವರೆಗಿನ ಬರೆಹವು ಟಿಪ್ಪಣಿ. ಇದು ಕೆಲವೆಡೆ ಇಡಿಯ ಪಂಕ್ತಿಯನ್ನು ವ್ಯಾಪಿಸಿರುತ್ತದೆ; ಕೆಲವೆಡೆ ದಾಖಲೆಯ ಹಿಂದೆಯೇ ಬರುತ್ತದೆ.

ಪಂಕ್ತಿಗಳನ್ನು ಬಿಡುವ ಕ್ರಮಗಳು ಮುಖ್ಯವಾಗಿ ಎರಡು. ಮೊದಲನೆಯದು ಎಣಿಕೆಯನ್ನು ಅವಲಂಬಿಸಿದುದು. ಪೈಥಾನ್ ಭಾಷೆಯ ಪಾಂಡಾಸ್ ಎಂಬ ಸಾಧನದಲ್ಲಿ ‘ಸ್ಕಿಪ್‌ರೋಸ್’ ಎಂಬ ಸೂಚನೆಗೆ ೧೦ ಎಂದು ಕೊಟ್ಟರೆ ಮೊದಲ ೧೦ ಪಂಕ್ತಿಗಳು ಬಿಟ್ಟುಹೋಗುತ್ತವೆ. ಮುಂದಿನ ಆವೃತ್ತಿಯಲ್ಲಿ ಪೀಠಿಕೆಯ ಒಂದು ಪಂಕ್ತಿ ಕಡಮೆಯಾಯಿತೆಂದರೆ ಆ ಸ್ಥಾನದಲ್ಲಿ ನಿಜವಾದ ದಾಖಲೆಯೇ ಲೋಪವಾಗುತ್ತದೆ. ಯಂತ್ರವು ಯಾವ ದೋಷವನ್ನೂ ಸೂಚಿಸುವುದಿಲ್ಲ. ಎರಡನೆಯದು ಗುರುತನ್ನು ಅವಲಂಬಿಸಿದುದು. ‘ಕಾಮೆಂಟ್’ ಎಂಬ ಸೂಚನೆಗೆ ಹ್ಯಾಷ್ ಚಿಹ್ನೆಯನ್ನು ಕೊಟ್ಟರೆ, ಪೀಠಿಕೆಯು ಹಿಗ್ಗಲಿ ಕುಗ್ಗಲಿ, ಟಿಪ್ಪಣಿ ಮಾತ್ರವೇ ತ್ಯಕ್ತವಾಗುತ್ತದೆ. ಎರಡನ್ನೂ ಒಟ್ಟಿಗೆ ಬಳಸುವವರು ‘ಸ್ಕಿಪ್‌ರೋಸ್’ ಎಣಿಕೆಯಲ್ಲಿ ಟಿಪ್ಪಣಿಯ ಪಂಕ್ತಿಗಳೂ ಸೇರುತ್ತವೆಂಬುದನ್ನು ಮರೆಯಬಾರದು.

ಸಾಹಿತ್ಯಗ್ರಂಥಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು. ಅಲ್ಪವಿರಾಮದಿಂದ ವಿಭಾಗಿಸಿದ ಕಡತಗಳ ಸ್ವರೂಪವನ್ನು ವಿವರಿಸುವ ೨೦೦೫ರ ಆರ್‌ಎಫ್‌ಸಿ ೪೧೮೦ ಎಂಬ ಲೇಖ್ಯದ ಪ್ರಕಾರ, ಉದ್ಧರಣಚಿಹ್ನೆಗಳ ನಡುವಣ ಅಂಕಣವೊಂದು ಹಲವು ಪಂಕ್ತಿಗಳಷ್ಟು ಮುಂದುವರಿಯಬಹುದು. ತಾಳೆಯೋಲೆಯ ಸಾಲು ಮುಗಿದೆಡೆಯಲ್ಲಿಯೇ ಪದ್ಯದ ಪಾದವು ಮುಗಿಯಬೇಕೆಂಬ ನಿಯಮವಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ ಪಂಕ್ತಿ ಬೇರೆ, ದಾಖಲೆ ಬೇರೆ. ಇಡಿಯ ಪದ್ಯಭಾಗವೊಂದನ್ನು ಒಂದೇ ಅಂಕಣದಲ್ಲಿ ಇರಿಸಿರುವಾಗ ಬರಿದಾದ ಪಂಕ್ತಿಗಳನ್ನೆಲ್ಲ ಮೊದಲೇ ತೆಗೆದುಹಾಕಿದರೆ ಪದ್ಯಪದ್ಯಗಳ ನಡುವಣ ಎಲ್ಲೆಯೇ ಅಳಿದುಹೋಗುತ್ತದೆ. ಆದುದರಿಂದ ಮೊದಲು ದಾಖಲೆಗಳ ಮೇರೆಯನ್ನು ಗುರುತಿಸಿ, ಬಳಿಕ ಬೇಡವಾದುದನ್ನು ಬಿಡತಕ್ಕದ್ದು.

ಬಿಟ್ಟ ಪಂಕ್ತಿಗಳು ನಿರರ್ಥಕವೆಂದು ಭಾವಿಸುವುದೂ ಸರಿಯಲ್ಲ. ಮೇಲೆ ಹೇಳಿದ ಯೂನಿಕೋಡ್ ಕಡತದ ಪೀಠಿಕೆಯು ಆವೃತ್ತಿಯನ್ನೂ ದಿನಾಂಕವನ್ನೂ ತಿಳಿಸುತ್ತದೆ; ಪ್ರತಿಯೊಂದು ಲಿಪಿಯ ಭಾಗದ ಕೊನೆಯ ಟಿಪ್ಪಣಿಯು ಆ ಲಿಪಿಯ ಒಟ್ಟು ಸಂಕೇತಗಳ ಸಂಖ್ಯೆಯನ್ನು ಹೇಳುತ್ತದೆ. ಕನ್ನಡದ ದಾಖಲೆಗಳನ್ನು ಓದಿ, ವ್ಯಾಪ್ತಿಗಳೊಳಗಣ ಸಂಕೇತಗಳನ್ನೂ ಸೇರಿಸಿ ಎಣಿಸಿದಾಗ ಬರುವ ಮೊತ್ತವು ಈ ಸಂಖ್ಯೆಗೆ ಸರಿಹೋಗಬೇಕು. ಇಲ್ಲವಾದರೆ ಎಲ್ಲಿಯೋ ದಾಖಲೆ ಬಿಟ್ಟುಹೋಗಿದೆಯೆಂದೋ ಹೆಚ್ಚಾಗಿ ಸೇರಿದೆಯೆಂದೋ ತಿಳಿಯಬೇಕು. ಲಿಪಿಕಾರನ ಸಮಾಪ್ತಿವಾಕ್ಯವು ಕಾವ್ಯದ ಪಾಠಕ್ಕೆ ಸೇರದಿದ್ದರೂ ಪ್ರತಿಯ ಕಾಲನಿರ್ಣಯಕ್ಕೆ ಹೇಗೆ ಆಧಾರವೋ, ಯಂತ್ರವು ಬಿಟ್ಟ ಈ ಪಂಕ್ತಿಗಳೂ ಓದಿನ ಶುದ್ಧತೆಗೆ ಹಾಗೆಯೇ ಸಾಕ್ಷಿ. ಅವನ್ನು ಗಣನೆಯಿಂದ ಬಿಡಬಹುದು, ಮೂಲಪ್ರತಿಯಿಂದ ಅಳಿಸಲಾಗದು.