ಮೊದಲ ಗುಟುಕಿಗೂ ಮುನ್ನ

ಲಕ್ವ ಹೊಡೆದವರಿಗೆ ಎಚ್ಚರ ಬರುತ್ತಲೇ ಮನೆಯವರು ಬಾಯಿಗೆ ಬಿಡುವುದು ನೀರು, ಇಲ್ಲವೇ ಗಂಜಿ. ಗಂಜಿಯಷ್ಟು ಹಗುರ ಆಹಾರ ಬೇರೊಂದಿಲ್ಲ ಎಂಬುದು ಕಾರವಾರ, ಅಂಕೋಲಾ ಕಡೆಯ ಗಟ್ಟಿ ನಂಬಿಕೆ. ಆದರೆ ಸ್ನಾಯುಗಳ ಹಿಡಿತ ತಪ್ಪಿದ ಗಂಟಲಿಗೆ ಎರಡೂ ಕಷ್ಟವೇ. ಗಂಟಲು ಸಜ್ಜಾಗುವ ಮೊದಲೇ ನೀರು ಜಾರಿ ಶ್ವಾಸನಾಳಕ್ಕೆ ಇಳಿಯಬಹುದು. ಗಂಜಿಯ ತಿಳಿ ಮುಂದೋಡಿ, ಅಗುಳು ಬಾಯಲ್ಲೇ ಉಳಿಯಬಹುದು. ಕೆಮ್ಮಿದರೆ ಗೊತ್ತಾಗುತ್ತದೆ. ಕೆಮ್ಮೇ ಬಾರದೆ ಒಳಸೇರಿದ್ದು ಕೆಲವೇ ದಿನಗಳಲ್ಲಿ ನ್ಯುಮೋನಿಯಾ ಆಗಬಹುದು. ಮಾತು ಕಲಿಸುವವರು ಎಂದಷ್ಟೇ ನಾವು ತಿಳಿದಿರುವ, ನುಂಗುವುದನ್ನೂ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಆಸ್ಪತ್ರೆಯಲ್ಲಿ ಬೇಕಾಗುವುದು ಈ ಗಳಿಗೆಯಲ್ಲಿ, ಡಿಸ್ಚಾರ್ಜ್ ಆದ ಮೇಲಲ್ಲ.

ರೋಗಿಯನ್ನು ನೆಟ್ಟಗೆ ಕೂರಿಸಿ, ತುಟಿ, ನಾಲಿಗೆಗಳ ಚಲನೆ ನೋಡಿ, ಚಮಚದಷ್ಟು ಕೊಟ್ಟು, ಗಂಟಲಮಣಿ ಮೇಲೇರುವುದನ್ನು ಅವರು ಬೆರಳಿನಿಂದ ಮುಟ್ಟಿ ಗಮನಿಸುತ್ತಾರೆ. ನುಂಗಿದ ಮೇಲೆ ದನಿ ಗೊರಗೊರ ಎಂದರೆ ಅನುಮಾನ. ಆಗ ಬೇರಿಯಂ ಎಕ್ಸ್‌ರೇ ಅಥವಾ ಮೂಗಿನ ಮೂಲಕ ಇಳಿಸುವ ಕ್ಯಾಮೆರಾ. ದ್ರವ ಎಷ್ಟು ಮಂದವಿರಬೇಕು ಎಂಬುದಕ್ಕೂ ಅಳತೆಯಿದೆ: 10 ಮಿಲಿ ಸಿರಿಂಜಿನಲ್ಲಿ ತುಂಬಿ ಬಿಟ್ಟು, 10 ಸೆಕೆಂಡಿನಲ್ಲಿ ಎಷ್ಟು ಉಳಿಯಿತೆಂದು ನೋಡುವುದು. ಮಾತಿನ ಪರೀಕ್ಷೆಯೂ ಅಷ್ಟೇ ನಾಜೂಕಿನದು. ಮಿದುಳಿಗೆ ಪೆಟ್ಟಾಗಿ ಭಾಷೆ ಕುಂದುವ ಅಫೇಸಿಯಾದಲ್ಲಿ ಹೇಳಿದ್ದೆಲ್ಲ ಅರ್ಥವಾಗಿಯೂ ಬೇಕಾದ ಪದ ನಾಲಿಗೆಗೆ ಬಾರದಿರಬಹುದು. ಬಲ್ಲ ಭಾಷೆಗಳೆಲ್ಲ ಒಂದೇ ಸಮನೆ ಮರಳಬೇಕೆಂದೂ ಇಲ್ಲ. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ ಆಡುವ, ಕಾರವಾರದ ಕಡೆಯ ಹಣಕೋಣದ ರೋಗಿಯನ್ನು ಕನ್ನಡದಲ್ಲಷ್ಟೇ ಪರೀಕ್ಷಿಸಿದರೆ ಅರ್ಧ ಸತ್ಯವೇ ಸಿಕ್ಕೀತು.

ಈ ವಿದ್ಯೆಯ ದೇಶದ ಪ್ರಮುಖ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ: 1965ರಲ್ಲಿ ಮೈಸೂರಿನಲ್ಲಿ ಆರಂಭವಾದ, ಕೇಂದ್ರ ಆರೋಗ್ಯ ಸಚಿವಾಲಯದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆದರೆ ಮೈಸೂರು ಕಾರವಾರಕ್ಕೆ ಬಲು ದೂರ. ತುರ್ತು ಆಸ್ಪತ್ರೆಗಾಗಿಯೇ 2022ರಲ್ಲಿ ಉತ್ತರ ಕನ್ನಡದ ಜನ ಅಭಿಯಾನ ನಡೆಸಬೇಕಾಯಿತು. ಗಂಭೀರ ರೋಗಿಗಳು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾಕ್ಕೆ ಓಡುವಾಗ ಥೆರಪಿಸ್ಟ್ ಬೇಡಿಕೆ ಅತಿಯಾಯಿತೆಂದು ಕೆಲವರಿಗೆ ಅನಿಸಬಹುದು. ಆದರೆ ಐಸಿಯು ಕಡಿಮೆಯಿರುವ ಜಿಲ್ಲೆಗೇ ತಡೆಯಬಹುದಾದ ನ್ಯುಮೋನಿಯಾ ಹೆಚ್ಚು ದುಬಾರಿ. ಮೊದಲ ತಪಾಸಣೆಗೆ ತರಬೇತಿ ಪಡೆದ ನರ್ಸ್ ಸಾಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜ್ವರ, ಸಕ್ಕರೆ, ನುಂಗುವಿಕೆ ಮೂರನ್ನೂ ನರ್ಸ್‌ಗಳು ಕ್ರಮಬದ್ಧವಾಗಿ ನಿಭಾಯಿಸಿದ ಕಡೆ, 90 ದಿನಗಳೊಳಗೆ ಸತ್ತವರು ಮತ್ತು ಪರಾವಲಂಬಿಗಳಾದವರ ಪ್ರಮಾಣ ಶೇ 42; ಉಳಿದೆಡೆ ಶೇ 58. ಈ ಲಾಭ ಮೂರೂ ಸೇರಿ ಬಂದದ್ದು, ನಿಜ. ಆದರೂ ದೊಡ್ಡ ಯಂತ್ರಗಳಿಲ್ಲದೆ, ಶಿಸ್ತಿನಿಂದಲೇ ಎಷ್ಟು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಮಾತು ತಾನಾಗಿಯೇ ಬರುತ್ತದಲ್ಲ ಎಂಬುದು ಇನ್ನೊಂದು ವಾದ. ಮೊದಲ ವಾರಗಳಲ್ಲಿ ಸ್ವಲ್ಪ ಬರುವುದು ಹೌದು. ಆದರೆ 57 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2016ರ ಕಾಕ್ರೇನ್ ವಿಮರ್ಶೆ, ಥೆರಪಿ ಪಡೆದವರ ಸಂವಹನ ಹೆಚ್ಚು ಸುಧಾರಿಸುತ್ತದೆಂದು ಕಂಡುಕೊಂಡಿತು. ಮಾತಿನ ಅಭ್ಯಾಸದ ಒಂದಷ್ಟು ಪಾಲನ್ನು ವಿಡಿಯೊ ಕರೆಯಲ್ಲೂ ಮಾಡಿಸಬಹುದು. ಗಂಟಲಮಣಿಯನ್ನು ಮುಟ್ಟಿ ನೋಡಲು ಮಾತ್ರ ಹಾಸಿಗೆಯ ಬಳಿ ಒಬ್ಬರು ಬೇಕೇ ಬೇಕು. ಅಂಕೋಲಾದಂಥ ತಾಲ್ಲೂಕು ಆಸ್ಪತ್ರೆಯಲ್ಲಿ ತಪಾಸಣೆ ಬಲ್ಲ ನರ್ಸ್, ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಾರ್ಡಿಗೇ ಬರುವ, ಕೊಂಕಣಿಯೂ ಬಲ್ಲ ಥೆರಪಿಸ್ಟ್: ಜಿಲ್ಲೆಯ ಜನ ಕೇಳುತ್ತ ಬಂದಿರುವ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ಕಟ್ಟಡ ಏಳುವವರೆಗೆ ಕಾಯದೆ ಕೇಳಬಹುದಾದ ಬೇಡಿಕೆಯಿದು.